ಬಸ್ಸಿಗೆ ಎರಡು ಗಂಟೆ ಇತ್ತು, ಮ್ಯೂಸಿಯಂಗೆ ಹೋದೆ. ಗಾಜಿನೊಳಗಿನ ಕನ್ನಡಕ ನೋಡಿ ಏನು ಸಿಗುತ್ತೆ ಹೇಳಿ?

ಅಡ್ಡದಾರಿ

ಕೆಲಸದ ಮೇಲೆ ಒಂದು ಊರಿಗೆ ಹೋಗಿದ್ದೆ. ಹೆಸರು ಹೇಳಲ್ಲ, ಹೇಳಿದ್ರೆ ಆ ಊರಿನವರೆಲ್ಲ ಸೇರಿ ನನ್ನನ್ನ ಗುಮ್ತಾರೆ. ವಾಪಸ್ ಬಸ್ಸಿಗೆ ಇನ್ನೂ ಎರಡು ಗಂಟೆ. ಮಳೆ ಬೇರೆ. ಎದುರಿಗೇ ಸ್ಥಳೀಯ ಇತಿಹಾಸ, ಸಾಹಿತ್ಯದ ಮ್ಯೂಸಿಯಂ ಅಂತ ತುಕ್ಕು ಹಿಡಿದ ಬೋರ್ಡು. ನುಗ್ಗಿದೆ.

ಬಾಗಿಲಿಗೆ ಬೀಗ. ಕಿಟಕಿಯಿಂದ ಹಿರಿಯರೊಬ್ಬರು ಇಣುಕಿ "ನೋಡೋಕೆ ಬಂದ್ರಾ?" ಅಂತ ಕೇಳಿದ್ರು. ಆ ಧ್ವನಿಯಲ್ಲಿದ್ದ ಆಶ್ಚರ್ಯ ಕೇಳ್ಬೇಕಿತ್ತು ನೀವು. ಬೀಗ ತೆಗೆದು ನನ್ನ ಹಿಂದೆಯೇ ಬಂದ್ರು. ನಾನು ಕೋಣೆಗೆ ಕಾಲಿಟ್ರೆ ಲೈಟ್ ಹಾಕೋದು, ದಾಟಿದ್ರೆ ಟಪ್ ಅಂತ ಆರಿಸೋದು. ಅದೂ ಎಂಥ ಲೈಟು, ಕತ್ತಲೆನೇ ವಾಸಿ.

ಮೊದಲನೇ ಕೋಣೆಯಲ್ಲಿ ಕಲ್ಲುಗಳು. ಒಂದಕ್ಕೆ "ಮಾಸ್ತಿಕಲ್ಲು" ಅಂತ ಚೀಟಿ. ಉಳಿದವಕ್ಕೆ "ಕಲ್ಲು" ಅಂತ. ಪ್ರಮಾಣ ಮಾಡಿ ಹೇಳ್ತೀನಿ, ಬರೀ "ಕಲ್ಲು". ಅಷ್ಟು ನಂಗೂ ಗೊತ್ತಾಗುತ್ತೆ ಸ್ವಾಮಿ. ಎರಡನೇದರಲ್ಲಿ ತಾಳೆಗರಿ ಕಟ್ಟು, "ಕಡತ" ಅಂತ ಬರೆದ ಒಂದು ಮಡಚಿದ ಕಪ್ಪು ಬಟ್ಟೆ, ಅಚ್ಚುಮೊಳೆ ತುಂಬಿದ ಒಂದು ಮರದ ಖಾನೆ. ಮೂರನೇದು ಆ ಊರಿನ ಕವಿಯದು. ಕನ್ನಡಕ, ಪೆನ್ನು, ಕೋಟು, ಹಗ್ಗ ಕಟ್ಟಿದ ಕುರ್ಚಿ. ಜೊತೆಗೊಂದು ಕರಡು ಹಾಳೆ, ಯಾರದೋ ಮದುವೆ ಕರೆಯೋಲೆಯ ಹಿಂಬದಿಯಲ್ಲಿ ಬರೆದದ್ದು. "ಬೆಳಕು" ಅಂತ ಬರೆದು ಹೊಡೆದಿದ್ದಾರೆ, ಮೇಲೆ "ಬೆಳಗು", ಅದನ್ನೂ ಹೊಡೆದಿದ್ದಾರೆ, ಪಕ್ಕದಲ್ಲಿ "ಹೊಳಪು", ಅದಕ್ಕೂ ಗೀಟು. ಕೊನೆಗೆ ಯಾವುದನ್ನ ಇಟ್ಕೊಂಡ್ರೋ ಗೊತ್ತಾಗ್ಲಿಲ್ಲ. ಕೆಳಗೆ ಹುಳ ತಿಂದ ಹಾಗೆ ಚುಕ್ಕಿಚುಕ್ಕಿ ಬೇರೆ. ಇಪ್ಪತ್ತು ನಿಮಿಷಕ್ಕೆ ಹೊರಗೆ ಬಂದೆ.

ನನ್ನ ಪ್ರಶ್ನೆ: ಇಂಥ ಕಡೆ ಹೋದಾಗ ನೀವೆಲ್ಲ ಏನು ನೋಡ್ತೀರಿ? ನಂಗೇನೋ ತಪ್ಪಿಹೋಗ್ತಿದೆಯಾ, ಅಥವಾ ಅಲ್ಲಿ ನಿಜಕ್ಕೂ ಏನೂ ಇರಲ್ವಾ?

ಪ್ರಶ್ನಾರ್ಥಕ

ಏನೂ ಇರಲ್ಲ. ಕನ್ನಡಕ ನೋಡಿದ್ರೆ ಅವರಿಗೆ ಕಣ್ಣು ಮಂಜಾಗಿತ್ತು ಅಂತ ತಿಳಿಯುತ್ತೆ, ಅಷ್ಟೇ. ಕವಿಯನ್ನ ತಿಳ್ಕೊಬೇಕು ಅಂದ್ರೆ ಪುಸ್ತಕ ತೆಗೆದು ಓದಿ.

ಟಾಂಗಾ ಸ್ಟ್ಯಾಂಡ್

ಊರು ಯಾವುದು ಹೇಳಿ ಸಾರ್, ಗುಮ್ಮಲ್ಲ.

ಅಡ್ಡದಾರಿ

ಇಲ್ಲ.

ಶಾಸನ ಹುಚ್ಚ

ಆ "ಮಾಸ್ತಿಕಲ್ಲು" ಹೇಗಿತ್ತು ಸ್ವಲ್ಪ ಹೇಳ್ತೀರಾ? ಒಂದು ಕಂಬದಿಂದ ಹೊರಟ ಹಾಗೆ ಮೇಲಕ್ಕೆತ್ತಿದ ತೋಳು, ಮೊಣಕೈ ಮಡಚಿರುತ್ತೆ, ತುಂಬಾ ಬಳೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಇದ್ದಿತ್ತಾ? ಸಹಗಮನ ಮಾಡಿದ ಹೆಣ್ಣಿನ ನೆನಪಿಗೆ ನಿಲ್ಲಿಸಿದ ಕಲ್ಲಿಗೆ ಅದೇ ಗುರುತು.

ಅಡ್ಡದಾರಿ

ತೋಳು ಗೀಳು ಏನೂ ಇರ್ಲಿಲ್ಲ. ಮೂರು ಅಂತಸ್ತು ಥರ ಇತ್ತು. ಕೆಳಗೆ ಕತ್ತಿ ಹಿಡಿದವನೊಬ್ಬ, ಅವನ ಹಿಂದೆ ದನಗಳು. ದನ ಅಂತ ಖಾತ್ರಿ, ಕೊಂಬು ನೋಡಿದ್ದೆ. ನಡುವೆ ಇಬ್ಬರು ಹೆಂಗಸರು ಅವನ ಕೈ ಹಿಡ್ಕೊಂಡು ಹಾರ್ತಿದ್ದಾರೆ. ಮೇಲೆ ಲಿಂಗ, ಸೂರ್ಯ, ಚಂದ್ರ.

ಶಾಸನ ಹುಚ್ಚ

ಅಂದ್ರೆ ಚೀಟಿ ತಪ್ಪು. ಅದು ವೀರಗಲ್ಲು, ಅದರಲ್ಲೂ ತುರುಗೋಳಿನ ಕಲ್ಲು. ಊರಿನ ದನ ಹೊಡ್ಕೊಂಡು ಹೋಗೋರನ್ನ ತಡೆಯೋಕೆ ಹೋಗಿ ಸತ್ತವನ ನೆನಪಿಗೆ ನಿಲ್ಲಿಸಿದ್ದು. ಕೆಳಗಿನಿಂದ ಮೇಲಕ್ಕೆ ಓದ್ಬೇಕು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ಕರ್ಕೊಂಡು ಹೋಗೋದು, ಮೇಲೆ ಕೈಲಾಸ. ಸೂರ್ಯ ಚಂದ್ರ ಅಂದ್ರೆ ಅವರು ಇರೋವರೆಗೂ ಈ ಹೆಸರು ಇರ್ಲಿ ಅಂತ. ನೀವು ಏನೂ ನೋಡ್ಲಿಲ್ಲ ಅಂತೀರಿ, ಆದ್ರೆ ಒಬ್ಬನ ಸಾವು, ಪ್ರಯಾಣ, ಸದ್ಗತಿ ಮೂರನ್ನೂ ನೋಡಿ ಬಂದಿದ್ದೀರಿ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ. ಮದ್ದೂರು ತಾಲ್ಲೂಕಿನಿಂದ ತಂದದ್ದು, ಸುಮಾರು 949ನೇ ಇಸವಿಯದು. ಚೋಳರ ಮೇಲಿನ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಕಾದಾಡಿದ ಮಣಲೇರ ಅನ್ನೋ ವೀರನಿಗೆ ಗಂಗರ ದೊರೆ ಬೂತುಗ "ಏನು ಬೇಕೋ ಕೇಳು" ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ನಾಯಿಯನ್ನ. ಆಮೇಲೆ ಆ ಕಾಳಿಯನ್ನ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟ. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿದ, ನಾಯಿ ಹಂದಿ ಕಾದಾಡೋ ಚಿತ್ರ ಅದರ ಮೇಲೇ ಇದೆ. ಜನ ಅದರ ಮುಂದೆ ಸೆಲ್ಫಿ ಕೂಡ ತೆಗ್ಯಲ್ಲ, ಸೀದಾ ನಡ್ಕೊಂಡು ಹೋಗ್ತಾರೆ.

ಕಡಲ ಕರೆ

ನಾಯಿಗೆ ಕಲ್ಲಾ! ಎಂಥ ಮಾರಾಯ್ರೆ, ಮೂರು ಸಲ ಹೋಗಿದ್ದೇನೆ ಅಲ್ಲಿಗೆ, ಒಬ್ಬರೂ ಹೇಳಿಲ್ಲ.

ಪ್ರಶ್ನಾರ್ಥಕ

ನೋಡಿ, ಇದೇ ನಾನು ಹೇಳ್ತಿರೋದು. ಕಥೆ ಇರೋದು ಶಾಸನ ಹುಚ್ಚರ ತಲೆಯಲ್ಲಿ, ಮ್ಯೂಸಿಯಂನಲ್ಲಲ್ಲ. ಅಲ್ಲಿ ಇರೋದು "ಕಲ್ಲು".

ನಿವೃತ್ತ ಮೇಷ್ಟ್ರು

ನಾನು ಪ್ರತಿ ವರ್ಷ ಏಳನೇ ಕ್ಲಾಸಿನ ಮಕ್ಕಳನ್ನು ಇಂಥದೊಂದು ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತಿದ್ದೆ. ಮೊದಮೊದಲು ಸಾಲಾಗಿ ನಿಲ್ಲಿಸಿ ಚೀಟಿಗಳನ್ನೆಲ್ಲ ಬರೆದುಕೊಳ್ಳಿ ಅನ್ನುತ್ತಿದ್ದೆ. ಬರೆದುಕೊಳ್ಳುತ್ತಿದ್ದರು, ಬಸ್ಸಿನಲ್ಲೇ ಮರೆಯುತ್ತಿದ್ದರು. ಆಮೇಲೆ ಒಂದು ವರ್ಷ ಬುದ್ಧಿ ಬಂತು. ಒಬ್ಬೊಬ್ಬರೂ ಒಂದೇ ವಸ್ತು ಆರಿಸಿ, ಅದರ ಮುಂದೆ ಕೂತು ಚಿತ್ರ ಬಿಡಿಸಿ, ಬೇರೇನೂ ನೋಡಬೇಡಿ ಅಂದೆ. ಒಬ್ಬಳು ನಾಣ್ಯದ ಆನೆ ಬರೆದಳು. ಮೂರು ಜನ ಒಂದೇ ಬಂದೂಕಿಗೆ ಜಗಳ ಆಡಿದರು. ಒಬ್ಬ ಬಾಗಿಲಿನ ಬೀಗ ಬರೆದ. ಯಾಕೋ ಅಂದರೆ, "ಇದೊಂದನ್ನೇ ಸಾರ್ ಮುಟ್ಟೋಕೆ ಬಿಟ್ಟಿದ್ದು."

ಅಡ್ಡದಾರಿಯವರೇ, ಇಪ್ಪತ್ತು ನಿಮಿಷ ಮೂರು ಕೋಣೆಗೆ ಕಡಿಮೆ, ಒಂದು ವಸ್ತುವಿಗೆ ಸಾಕು.

ಸಾಧನಕೇರಿ ಹಾದಿ

ಏ ಸರ, ನೀವು ಧಾರವಾಡಕ್ಕ ಬರ್ರಿ. ಸಾಧನಕೇರಿಯೊಳಗ ಬೇಂದ್ರೆ ಅಜ್ಜಾರ ಮನಿ ಐತಿ, ಅಲ್ಲೇ ಬೇಂದ್ರೆ ಭವನ ಐತಿ. ಕೆರಿ ದಂಡಿಗುಂಟ ಅಡ್ಡಾಡ್ಕೋತ ಬಂದು ಒಳಗ ಹೋಗ್ರಿ, ಹಂಗ ರಿಕ್ಷಾದಾಗಿಂದ ಇಳಿದು ಸೀದಾ ಹೊಗಬ್ಯಾಡ್ರಿ. ಮಲ್ಲಿಕಾರ್ಜುನ ಮನ್ಸೂರರ "ಮೃತ್ಯುಂಜಯ" ಮನಿನೂ ನೋಡ್ರಿ. ಮನೋಹರ ಗ್ರಂಥಮಾಲಾದ ಅಟ್ಟ ಐತೆಲ್ಲ, 1933ರಾಗ ಚಾಲೂ ಆದದ್ದು, ಅದು ಮ್ಯೂಸಿಯಂ ಅಲ್ಲ ಬಿಡ್ರಿ, ಆದ್ರ ಆ ಮೆಟ್ಟಲ ಹತ್ತಿದ ಸಾಹಿತಿಗಳ ಹೆಸರು ಬರದ್ರ ಒಂದು ಮ್ಯೂಸಿಯಂ ಆಕ್ಕೈತಿ.

ಪ್ರಶ್ನಾರ್ಥಕ

ಅಂದ್ರೆ ನಾಕುತಂತಿ ಅರ್ಥ ಆಗೋಕೆ ಮನೆ ನೋಡ್ಬೇಕಾ?

ಸಾಧನಕೇರಿ ಹಾದಿ

ಮನಿ ನೋಡಿದ್ರೂ ಅರ್ಥ ಆಗೂದಿಲ್ಲ. 1973ರಾಗ ಜ್ಞಾನಪೀಠ ಬಂದಾಗಿಂದ ಕೇಳಾಕತ್ತಾರ ಜನ, ಇನ್ನೂ ಮುಗಿದಿಲ್ಲ. ಅಜ್ಜಾರಿಗೆ 441 ಅನ್ನೂ ಅಂಕಿ ಹುಚ್ಚ ಹಿಡಿಸಿತ್ತು, ಗೊತ್ತೈತಿ? ಕವಿ ಯಾಕ ಲೆಕ್ಕದ ಹಿಂದ ಬಿದ್ದ ಅಂತ ಆ ಮನಿ ಕಟ್ಟಿ ಮ್ಯಾಲ ಕುಂತಾಗ ಕೇಳಬೇಕನಸ್ತದ. ಉತ್ತರ ಸಿಗಬೇಕಂತ ಎಲ್ಲಿ ಐತಿ?

ಟಾಂಗಾ ಸ್ಟ್ಯಾಂಡ್

ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಮನೆ ಇದೆ. 2011ರಲ್ಲಿ ಒಡೆಯೋಕೆ ಶುರು ಮಾಡಿದ್ರು, ಗಲಾಟೆ ಆಗಿ ನಿಂತು, ರಿಪೇರಿ ಆಗಿ 2016ರಲ್ಲಿ ಮ್ಯೂಸಿಯಂ ಆಯ್ತು. ಒಳಗೆ ಸಾಮಾನು ಜಾಸ್ತಿ ಇಲ್ಲ. ಆದ್ರೆ ಮಹಡಿಯ ಕಿಟಕಿ ಹತ್ರ ನಿಂತ್ಕೊಂಡ್ರೆ ಸಾಕು ಅನ್ನಿಸ್ತು ನಂಗೆ.

ಪ್ರಶ್ನಾರ್ಥಕ

ಕನ್ನಡದಲ್ಲಿ ಬರೆದವರ ಎಷ್ಟು ಮನೆ ಒಡೆದುಹೋದ್ವು ಲೆಕ್ಕ ಇದೆಯಾ? ಇಂಗ್ಲಿಷಲ್ಲಿ ಬರೆದವರಿಗೆ ಮಾತ್ರ ಮ್ಯೂಸಿಯಂ.

ಟಾಂಗಾ ಸ್ಟ್ಯಾಂಡ್

ಆಗಲೂ ಕೆಲವು ಕನ್ನಡ ಲೇಖಕರು ಇದೇ ಮಾತು ಹೇಳಿ ವಿರೋಧಿಸಿದ್ರು, ಹೊಸದೇನಲ್ಲ. ಕುಪ್ಪಳಿ ಕವಿಮನೆ ಯಾರದು ಸ್ವಾಮಿ? ಮತ್ತೆ ಕೇಳ್ತೀನಿ, ಐದು ನಿಮಿಷದ ಹಿಂದೆ ಕನ್ನಡಕ ನೋಡಿ ಏನು ಸಿಗುತ್ತೆ ಅಂದವರು ನೀವೇ ತಾನೇ? ಈಗ ಮನೆ ಒಡೆದ್ರು ಅಂತ ಅಳ್ತಿದ್ದೀರಿ.

ಪ್ರಶ್ನಾರ್ಥಕ

ಅಳ್ತಿಲ್ಲ. ಲೆಕ್ಕ ಕೇಳಿದೆ.

ಗೆದ್ದಲಿನ ವೈರಿ

ಕನ್ನಡಕದ ಜಗಳ ನೀವು ಮುಂದುವರಿಸಿ. ನಂಗೆ ಆ ಲೈಟ್ ಆರಿಸೋ ಹಿರಿಯರ ಪರ ವಾದ ಮಾಡೋದಿದೆ. ಕಾಗದ, ಬಟ್ಟೆ, ಕೈಬರಹಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಅಂದ್ರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಬಾರದು ಅಂತ ಸಂರಕ್ಷಣೆ ಮಾಡೋರ ರೂಢಿ. ನಮ್ಮ ಆಫೀಸಿನ ಮೇಜಿನ ಮೇಲೆ ಬೀಳೋದು ಇದರ ಹತ್ತು ಪಟ್ಟಾದ್ರೂ ಇರುತ್ತೆ. ಬೆಳಕಿನ ಪೆಟ್ಟು ಮಾಯೋದಿಲ್ಲ, ಕೂಡ್ತಾ ಹೋಗುತ್ತೆ. ಇವತ್ತು ಒಂದು ಗಂಟೆ, ನಾಳೆ ಒಂದು ಗಂಟೆ, ಶಾಯಿ ಮಂಕಾಗ್ತಾ ಮಂಕಾಗ್ತಾ ಒಂದು ದಿನ ಬರೀ ಹಾಳೆ ಉಳಿಯುತ್ತೆ. ಆ ಪುಣ್ಯಾತ್ಮ ಕರೆಂಟ್ ಬಿಲ್ಲಿಗೆ ಹೆದರಿ ಆರಿಸಿದ್ರೂ ಸರಿ, ಮಾಡ್ತಿರೋದು ಸರಿಯಾದ ಕೆಲಸ.

ನಿಜವಾದ ಅಪಾಯ ಇರೋದು ಪ್ರೀತಿಯಿಂದ ಮಾಡೋ ಕೆಲಸದಲ್ಲಿ. ಹರಿದ ಹಾಳೆಗೆ ಸೆಲೋಟೇಪ್ ಹಚ್ತಾರೆ. ಕೆಲವು ವರ್ಷಕ್ಕೆ ಅಂಟು ಹಳದಿಯಾಗಿ ಹಾಳೆಯೊಳಗೆ ಇಳಿಯುತ್ತೆ, ಟೇಪ್ ಉದುರಿಹೋಗುತ್ತೆ, ಕಲೆ ಹಾಗೇ ಕೂರುತ್ತೆ.

ಅಡ್ಡದಾರಿ

ಅಯ್ಯೋ, ನಾನು ಅವರಿಗೆ "ಲೈಟ್ ಆರಿಸ್ಬೇಡಿ ಸಾರ್" ಅಂತ ಸ್ವಲ್ಪ ಗಟ್ಟಿಯಾಗೇ ಹೇಳಿಬಿಟ್ಟೆ.

ಕಡಲ ಕರೆ

ಆ ಕಪ್ಪು ಬಟ್ಟೆ ಎಂಥದ್ದು? ಕಡತ ಅಂದ್ರೆ ಫೈಲ್ ಅಲ್ವಾ?

ಗೆದ್ದಲಿನ ವೈರಿ

ಫೈಲ್‌ಗೆ ಆ ಹೆಸರು ಬಂದದ್ದೇ ಇದರಿಂದ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು ಒಣಗಿಸ್ತಿದ್ರು. ಗಟ್ಟಿ ಕರಿ ಹಲಗೆ ಥರ ಆಗುತ್ತೆ. ಹಿಂದಕ್ಕೂ ಮುಂದಕ್ಕೂ ಮಡಚಿ ಇಡೋದು, ಬಳಪದಲ್ಲಿ ಬರೆಯೋದು, ಬೇಡ ಅಂದ್ರೆ ಒರೆಸಿ ಮತ್ತೆ ಬರೆಯೋದು. ವ್ಯಾಪಾರದ, ಕಂದಾಯದ ಲೆಕ್ಕ ಎಲ್ಲ ಇದರಲ್ಲೇ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚಿನ್ನದ ಗಣಿ. ಈಗಲೂ ಸರ್ಕಾರಿ ಕಚೇರಿಯಲ್ಲಿ "ಕಡತ ವಿಲೇವಾರಿ" ಅಂತಾರಲ್ಲ, ಹುಣಸೆಬೀಜದ ವಾಸನೆ ಅಲ್ಲಿವರೆಗೂ ಬಂದಿದೆ.

ಟಾಂಗಾ ಸ್ಟ್ಯಾಂಡ್

ವಿಲೇವಾರಿ ಮಾತ್ರ ಬಂದಿಲ್ಲ.

ನಿವೃತ್ತ ಮೇಷ್ಟ್ರು

ತಾಳೆಗರಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಗರಿಯ ಮೇಲೆ ನೇರ ಗೆರೆ ಎಳೆದರೆ ನಾರಿನ ಗುಂಟ ಸೀಳುತ್ತದೆ. ಅದಕ್ಕೇ ಕನ್ನಡದ ಅಕ್ಷರಗಳು ದುಂಡಗಾದವು. ಮಕ್ಕಳಿಗೆ ಇದನ್ನು ಹೇಳಿದಾಗ ಕಣ್ಣರಳಿಸುತ್ತಿದ್ದರು.

ಶಾಸನ ಹುಚ್ಚ

ಮೇಷ್ಟ್ರೇ, ಕ್ಷಮಿಸಿ, ಆ ಮಾತನ್ನ ಸ್ವಲ್ಪ ಅನುಮಾನದಿಂದ ನೋಡ್ಬೇಕು. ನಂದಿನಾಗರಿ ಲಿಪಿಗೆ ಅಕ್ಷರದ ತಲೆ ಮೇಲೆ ಅಡ್ಡಗೆರೆ ಇರುತ್ತೆ, ಅದರಲ್ಲಿ ಬರೆದ ತಾಳೆಗರಿ ಕಟ್ಟುಗಳು ನಮ್ಮಲ್ಲೇ ರಾಶಿ ಇವೆ. ಅವೇನೂ ಸೀಳಿಹೋಗಿಲ್ಲ. ಇನ್ನು ದುಂಡನೆಯ ಕನ್ನಡ ಅಕ್ಷರ ಕಲ್ಲಿನ ಮೇಲೂ ಇದೆ, ಕಲ್ಲಿಗೇನು ನಾರಿದೆಯಾ?

ನಿವೃತ್ತ ಮೇಷ್ಟ್ರು

ಮೂವತ್ತು ವರ್ಷ ಪಾಠ ಮಾಡಿದ್ದೇನೆ ಕಣಯ್ಯಾ ಇದನ್ನು.

ಶಾಸನ ಹುಚ್ಚ

ಪೂರ್ತಿ ಸುಳ್ಳು ಅಂತಿಲ್ಲ. ಕಂಟದ, ಅಂದ್ರೆ ಗರಿ ಮೇಲೆ ಗೀರೋ ಕಬ್ಬಿಣದ ಕಡ್ಡಿಯ, ಮೊನೆ ದುಂಡಗೆ ತಿರುಗೋದು ಸಲೀಸು ಇರಬಹುದು. "ಅದಕ್ಕೇ" ಅನ್ನೋ ಪದ ಬಿಟ್ಟುಬಿಡಿ, ಸಾಕು.

ಗೆದ್ದಲಿನ ವೈರಿ

ಗರಿ ಮೇಲೆ ಬರೆಯೋದು ಅಂದ್ರೆ ಗೀರೋದು, ಅದರಲ್ಲಿ ಶಾಯಿ ಇರಲ್ಲ. ಗೀರಿದ ಮೇಲೆ ಎಣ್ಣೆಯಲ್ಲಿ ಕಲಸಿದ ಮಸಿ ಸವರಿ ಒರೆಸಿದ್ರೆ ಗೀರಿನೊಳಗಷ್ಟೇ ಕಪ್ಪು ಉಳಿಯುತ್ತೆ. ಮ್ಯೂಸಿಯಂನಲ್ಲಿ ಎಷ್ಟೋ ಸಲ "ಖಾಲಿ ಗರಿ" ಅಂತ ಕಾಣೋದು ಖಾಲಿ ಇರಲ್ಲ, ಮಸಿ ಹೋಗಿರುತ್ತೆ. ಓರೆಯಾಗಿ ಬಗ್ಗಿ ನೋಡಿ, ಅಕ್ಷರ ಏಳುತ್ತೆ. ನಾನು ಹಾಗೆ ನೋಡ್ತಾ ಒಮ್ಮೆ ಗಾಜಿಗೆ ಹಣೆ ಗುದ್ದಿಕೊಂಡಿದ್ದೀನಿ.

ಮೊಳೆ ಜೋಡಿಸಿದವ

ಇಷ್ಟು ಹೊತ್ತು ಓದ್ತಾ ಕೂತಿದ್ದೆ. ಅಚ್ಚುಮೊಳೆ ಖಾನೆ ಅಂದಿರಲ್ಲ, ಅದಕ್ಕೆ ಬಂದೆ. ಇಪ್ಪತ್ತೆರಡು ವರ್ಷ ಕೈಯಲ್ಲಿ ಮೊಳೆ ಜೋಡಿಸಿದವ ನಾನು. ಕಂಪ್ಯೂಟರ್ ಬಂದ ಮೇಲೆ ಅಂಗಡಿ ಮುಚ್ಚಿತು, ಮೊಳೆಗಳನ್ನ ತೂಕಕ್ಕೆ ಹಾಕಿದ್ರು. ಸೀಸ ಅಲ್ವಾ.

ಇಂಥ ಒಂದು ಮ್ಯೂಸಿಯಂನಲ್ಲಿ ಖಾನೆ ನೋಡಿ ಹೊಟ್ಟೆ ಉರಿದುಹೋಗಿತ್ತು. ಕ-ಒತ್ತು, ತ-ಒತ್ತು, ಅರ್ಕಾವತ್ತು ಎಲ್ಲ ಒಂದೇ ಕಡೆ ಸುರಿದು, ಅಂದಕ್ಕೆ ಮೇಲೆ ದೊಡ್ಡ ಮೊಳೆ ಇಟ್ಟಿದ್ರು. ನಮ್ಮಲ್ಲಿ ಹೀಗೆ ಬೆರೆಸಿದ ಹುಡುಗನಿಗೆ ಆ ದಿನ ಮಜೂರಿ ಇಲ್ಲ. ಕನ್ನಡಕ್ಕೆ ಒತ್ತುಗಳು ಬೇರೆ, ಗುಣಿತದ ತುಂಡುಗಳು ಬೇರೆ, ಎಲ್ಲಕ್ಕೂ ಒಂದೊಂದು ಮನೆ. ಕತ್ತಲಲ್ಲೂ ಕೈ ಹೋಗ್ತಿತ್ತು. ಮೊಳೆ ಮೇಲಿನ ಅಕ್ಷರ ತಿರುಗಾಮುರುಗಾ, ಅದನ್ನ ಎಡದಿಂದ ಬಲಕ್ಕೆ ತಲೆಕೆಳಗಾಗಿ ಜೋಡಿಸ್ತಾ ಓದ್ತಿದ್ವಿ. ಈಗಲೂ ಪೇಪರ್ ತಲೆಕೆಳಗೆ ಹಿಡಿದ್ರೂ ಓದ್ತೀನಿ, ಮನೆಯಲ್ಲಿ ಹಾಸ್ಯ ಮಾಡ್ತಾರೆ.

ಆದ್ರೆ ನಾ ಬರೆಯೋಕೆ ಕೂತಿದ್ದು ಬೇರೆ ವಿಷಯಕ್ಕೆ. ಅಡ್ಡದಾರಿಯವರೇ, ಆ ಕರಡಿನಲ್ಲಿ ಚುಕ್ಕಿ ಅಂದಿರಲ್ಲ, ಮೂರೂ ಪದದ ಕೆಳಗೆ ಇತ್ತೋ, ಒಂದರ ಕೆಳಗೆ ಮಾತ್ರ ಇತ್ತೋ?

ಅಡ್ಡದಾರಿ

ಅಷ್ಟು ಗಮನಿಸಿಲ್ಲ. ಒಂದು ಕಡೆ ಇತ್ತು ಅನ್ಸುತ್ತೆ. ಯಾಕೆ?

ಮೊಳೆ ಜೋಡಿಸಿದವ

ಹೊಡೆದುಹಾಕಿದ ಪದದ ಕೆಳಗೆ ಸಾಲಾಗಿ ಚುಕ್ಕಿ ಇಟ್ರೆ "ಹೊಡೆದದ್ದು ತಪ್ಪಾಯ್ತು, ಇದೇ ಇರಲಿ" ಅಂತ ಅರ್ಥ. ಕರಡು ತಿದ್ದುವವರ ಗುರುತು ಅದು. ಲೇಖಕರು ನಮಗೆ ಕಳಿಸೋ ಪ್ರೂಫಿನಲ್ಲಿ ದಿನಾ ನೋಡ್ತಿದ್ವಿ. ಹುಳ ಸಾಲಾಗಿ, ಸಮ ಅಂತರದಲ್ಲಿ, ಒಂದೇ ಪದದ ಕೆಳಗೆ ತಿನ್ನಲ್ಲ ಸಾರ್.

ಪ್ರಶ್ನಾರ್ಥಕ

ಓ.

ಕಡಲ ಕರೆ

ನಂಗೆ ಮೈ ಜುಂ ಅಂತು.

ಮೊಳೆ ಜೋಡಿಸಿದವ

ಮೊಳೆ ವಿಷಯಕ್ಕೇ ಇನ್ನೊಂದು ಮಾತು. ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" ಬಂದದ್ದು ಹೀಗೆ ಕೈಯಲ್ಲಿ ಮೊಳೆ ಜೋಡಿಸಿಯೇ.

ಕಡಲ ಕರೆ

ಅಲ್ಲ ಅಣ್ಣ, ಅಲ್ಲಿ ತಪ್ಪಿದ್ರಿ. ನಮ್ಮೂರಿನ ವಿಷಯ ಅದು. 1843ರ ಜುಲೈ 1ಕ್ಕೆ ಮೋಗ್ಲಿಂಗ್ ಹೊರಡಿಸಿದ್ದು ಕಲ್ಲಚ್ಚಿನಲ್ಲಿ. ಬಾಸೆಲ್ ಮಿಶನ್ನಿನವರ ಹತ್ರ ಆಗ ಇದ್ದದ್ದು ಅದೇ. ನಯವಾದ ಕಲ್ಲಿನ ಮೇಲೆ ಜಿಡ್ಡು ಶಾಯಿಯಲ್ಲಿ ಬರೆದು ಒತ್ತುವುದು, ಮೊಳೆಯ ಕೆಲಸ ಇಲ್ಲ. ಮೊಳೆ ಬಂದದ್ದು ಆಮೇಲೆ. ಕಿಟೆಲ್ಲರ ನಿಘಂಟು 1894ರಲ್ಲಿ ಬರುವಾಗ ಮೊಳೆಯೇ.

ಮೊಳೆ ಜೋಡಿಸಿದವ

ಸರಿ, ಒಪ್ಪಿದೆ. ಕಲ್ಲಚ್ಚು ನಾನು ಕಣ್ಣಲ್ಲಿ ನೋಡಿಲ್ಲ.

ಟಾಂಗಾ ಸ್ಟ್ಯಾಂಡ್

ಅಡ್ಡದಾರಿಯವರು ನೋಡಿದ "ಕಲ್ಲು" ಚೀಟಿಗಳಲ್ಲಿ ಒಂದು ಅದೇ ಆಗಿದ್ರೆ?

ಶಾಸನ ಹುಚ್ಚ

ದಯವಿಟ್ಟು ಹಾಗೆಲ್ಲ ಹೇಳ್ಬೇಡಿ, ರಾತ್ರಿ ನಿದ್ದೆ ಬರಲ್ಲ ನಂಗೆ.

ಪ್ರಶ್ನಾರ್ಥಕ

ಸರಿ, ಕರಡು ಹಾಳೆಯ ಮಟ್ಟಿಗೆ ನಾನು ಸೋತೆ. ಅಚ್ಚಾದ ಪುಸ್ತಕದಲ್ಲಿ ಆ ಮೂರು ಪದದ ಪರದಾಟ ಸಿಗಲ್ಲ. ಆದ್ರೆ ಕನ್ನಡಕ, ಕೋಟು? ಅದನ್ನ ಒಪ್ಪಲ್ಲ. ಕರಡನ್ನ ಮೂಲೆಯಲ್ಲಿಟ್ಟು ಕೋಟನ್ನ ನಡುವೆ ಇಡ್ತಾರಲ್ಲ, ಅದಕ್ಕೇ ನಂಗೆ ಸಿಟ್ಟು.

ನಿವೃತ್ತ ಮೇಷ್ಟ್ರು

ಕೋಟಿನ ತೋಳು ಸವೆದಿತ್ತೇ? ಬರೆಯುವ ಕೈಯ ತೋಳು ಮೇಜಿಗೆ ಉಜ್ಜಿ ಮೊದಲು ಸವೆಯುತ್ತದೆ.

ಪ್ರಶ್ನಾರ್ಥಕ

ಮೇಷ್ಟ್ರೇ, ನೀವು ಬಿಡಲ್ಲ ಅಲ್ವಾ?

ಸಾಧನಕೇರಿ ಹಾದಿ

ಧಾರವಾಡಕ್ಕ ಯಾವಾಗ ಬರ್ತೀರಿ ಎಲ್ಲಾರೂ, ಅದನ್ನ ಹೇಳ್ರಿ ಮೊದ್ಲು.

ಅಡ್ಡದಾರಿ (ಐದು ವಾರದ ನಂತರ)

ಮತ್ತೆ ಅದೇ ಊರಿಗೆ ಕೆಲಸ ಬಿತ್ತು. ಸೋಮವಾರ ಹೋದೆ. ರಜೆ. ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ ಅಂತ ನೀವೊಬ್ಬರೂ ಹೇಳ್ಲಿಲ್ಲ, ಧನ್ಯವಾದ. ಮಂಗಳವಾರ ಬೆಳಗ್ಗೆ ಹೋದೆ.

ಸೀದಾ ಮೂರನೇ ಕೋಣೆಗೆ. ಹಿರಿಯರು ಲೈಟ್ ಹಾಕಿದ್ರು. ಬಗ್ಗಿ ನೋಡಿದೆ. "ಬೆಳಗು" ಕೆಳಗೆ ಏನಿಲ್ಲ. "ಹೊಳಪು" ಕೆಳಗೆ ಏನಿಲ್ಲ. "ಬೆಳಕು" ಕೆಳಗೆ ಐದು ಚುಕ್ಕಿ, ಸಾಲಾಗಿ, ಪೆನ್ನಿನದೇ ಶಾಯಿ. ಐದನೇದು ಸ್ವಲ್ಪ ದೊಡ್ಡದು, ಪೆನ್ನು ಅಲ್ಲೇ ಒತ್ತಿ ನಿಲ್ಲಿಸಿದ ಹಾಗೆ.

ಹಿರಿಯರು ನನ್ನ ಪಕ್ಕ ನಿಂತು "ಏನು ನೋಡ್ತಿದ್ದೀರಿ ಅಷ್ಟು ಹೊತ್ತು?" ಅಂದ್ರು. ಹೇಳಿದೆ. ಅವರೂ ಕನ್ನಡಕ ಏರಿಸಿ ಬಗ್ಗಿದ್ರು. ಸುಮಾರು ಹೊತ್ತು ಮಾತಾಡ್ಲಿಲ್ಲ. ಆಮೇಲೆ, "ಹದಿನಾರು ವರ್ಷದಿಂದ ಈ ಗಾಜು ಒರೆಸ್ತಿದ್ದೀನಿ. ಒಳಗಡೆ ಕೊಳೆ ಕೂತಿದೆ, ಕೈಗೆ ಸಿಗ್ತಿಲ್ಲ ಅಂದ್ಕೊಂಡಿದ್ದೆ" ಅಂದ್ರು. ಲೈಟ್ ಆರಿಸಿದ್ರು. ನಾನೇನೂ ಹೇಳ್ಲಿಲ್ಲ.

ಮೇಷ್ಟ್ರೇ, ಬಲಗೈ ತೋಳು ಸವೆದಿದೆ.

ಮೊಳೆ ಜೋಡಿಸಿದವ

ಐದು ಚುಕ್ಕಿ! ನಮ್ಮಲ್ಲಿ ಮೂರು ಇಡ್ತಿದ್ರು. ಮನುಷ್ಯನಿಗೆ ಬಹಳ ಖಾತ್ರಿಯಾಗಿತ್ತು ಅಂತಾಯ್ತು.

ಶಾಸನ ಹುಚ್ಚ

ಅದೆಲ್ಲ ಇರ್ಲಿ, ವೀರಗಲ್ಲಿನ ಮೂರು ಅಂತಸ್ತಿನ ನಡುವಿನ ಪಟ್ಟಿಯಲ್ಲಿ ಅಕ್ಷರ ಇದೆಯಾ ನೋಡಿದ್ರಾ? ಇದ್ರೆ ಅವನ ಹೆಸರು ಅಲ್ಲೇ ಇರುತ್ತೆ.

ಅಡ್ಡದಾರಿ

ಅಯ್ಯೋ. ಮರೆತೇಬಿಟ್ಟೆ.

ಶಾಸನ ಹುಚ್ಚ

ಮುಂದಿನ ತಿಂಗಳು ಆ ಊರಲ್ಲಿ ಕೆಲಸ ಇದೆಯಾ?